ಚಾಲಕ ಬಾಪಿ ಹಲ್ದಾರ್ ಚಕ್ರಕ್ಕೆ ಇಟ್ಟಿಗೆ ಇಟ್ಟಿದ್ದನೆಂಬ ಬಗ್ಗೆ

ಹೆಸರು ಓಂಕಾರಪ್ಪ ಬಸಪ್ಪ ಹೊಸಮನಿ, ವಯಸ್ಸು 63, ರೈಲ್ವೆ ಡೀಸೆಲ್ ಶೆಡ್ಡಿನ ನಿವೃತ್ತ ಎಂಜಿನಿಯರ್, ಮೂಲ ಊರು ಧಾರವಾಡ, ಹಾಲಿ ವಾಸ ಮಜುಂದಾರ್ ಲೇನ್, ಬೆಹಾಲಾ, ಕೋಲ್ಕತ್ತಾ. ಠಾಣಾಧಿಕಾರಿಗಳ ಎದುರು ಕೂತು, ಯಾರ ಒತ್ತಾಯವೂ ಇಲ್ಲದೆ, ನನ್ನ ಕೈಯಾರೆ ಬರೆದು ತಿಳಿಸುವುದೇನೆಂದರೆ:

ನನ್ನ ಕಾರಿನ ಚಾಲಕ ಬಾಪಿ ಹಲ್ದಾರ್, ವಯಸ್ಸು 34, ನಿನ್ನೆಯಿಂದ ತಮ್ಮ ಠಾಣೆಯಲ್ಲಿದ್ದಾನೆ. ಅವನ ಅಜಾಗರೂಕತೆಯಿಂದ ಕಾರು ಮುಂದೆ ನುಗ್ಗಿ ಮೆಕ್ಯಾನಿಕ್ ನಿಮಾಯಿ ಮಂಡಲ್‌ರ ಕಾಲು ಮುರಿಯಿತೆಂಬುದು ಆರೋಪ. ಚಕ್ರಗಳಿಗೆ ಇಟ್ಟಿಗೆ ಕೊಡಲು ಮರೆತೆನೆಂದು ಬಾಪಿ ಒಪ್ಪಿಕೊಂಡಿದ್ದಾನೆ. ಅದು ಸುಳ್ಳು. ನನ್ನ ಬಂಗಾಳಿ ತರಕಾರಿ ಕೊಳ್ಳುವುದಕ್ಕಷ್ಟೇ ಸಾಲುವುದರಿಂದ ತಮ್ಮ ಅನುಮತಿ ಪಡೆದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಮಗ ವಿನಯ ಇದನ್ನು ಇಂಗ್ಲಿಷಿಗೆ ಮಾಡಿಕೊಡುತ್ತಾನೆ. ಅವನಿಗೆ ಇಷ್ಟವಿಲ್ಲದ ಸಾಲುಗಳೂ ಇದರಲ್ಲಿವೆ, ಅವನ್ನೂ ಮಾಡಬೇಕು.

ನನ್ನದು ಆಟೊಮ್ಯಾಟಿಕ್ ಗೇರಿನ ಕಾರು. ಸುಮಾರು ಒಂದು ತಿಂಗಳಿಂದ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಗಡಗಡ ನಡುಗುತ್ತಿತ್ತು, ಓಡುವಾಗ ಏನೂ ಇಲ್ಲ. ಕಸ್ಬಾದ ಒಂದು ಗ್ಯಾರೇಜಿನವರು ಸ್ಪಾರ್ಕ್ ಪ್ಲಗ್ ಬದಲಿಸಿದರು, ಗಾಳಿ ಹೋಗುವ ದಾರಿ ತೊಳೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು, ನಡುಕ ಹೋಗಲಿಲ್ಲ. ನ್ಯೂಟ್ರಲ್‌ನಲ್ಲಿ ನಡುಕ ಕಡಿಮೆ, ಗೇರಿಗೆ ಹಾಕಿ ಬ್ರೇಕ್ ಒತ್ತಿ ನಿಂತರೆ ಹೆಚ್ಚು ಎಂಬುದನ್ನು ನಾನು ಗಮನಿಸಿದ್ದೆ. ಎಂಜಿನನ್ನು ಹಿಡಿದು ಕೂರಿಸುವ ರಬ್ಬರಿನ ಮೌಂಟಿಂಗ್ ಹರಿದಿರಬೇಕೆಂದು ನಿಮಾಯಿಬಾಬುಗೆ ಹೇಳಿದೆ. ಇರಬಹುದು, ಪರೀಕ್ಷೆ ಮಾಡಿಯೇ ಹೇಳಬೇಕೆಂದರು.

ನಿನ್ನೆ, ದಿನಾಂಕ 1-10-2025, ಮಹಾನವಮಿ. ಬಂಗಾಳಿ ಗ್ಯಾರೇಜಿನವರಿಗೆ ಹತ್ಯಾರಗಳ ಪೂಜೆ ಸೆಪ್ಟೆಂಬರಿನ ವಿಶ್ವಕರ್ಮ ಪೂಜೆಯ ದಿನವೇ ಮುಗಿದಿರುತ್ತದೆ. ನಮಗೆ ಅದು ನಿನ್ನೆ. ನಿಮಾಯಿಬಾಬು ಹಿಂದಿನ ಗಲ್ಲಿಯವರೇ. ರಜೆಯಿದ್ದರೂ ನನ್ನ ಮಾತಿಗೆ ಬೆಳಿಗ್ಗೆ ಹತ್ತಕ್ಕೆ ಬಂದರು. ಆಯುಧಪೂಜೆಯ ದಿನ ಹತ್ಯಾರಕ್ಕೆ ಕೈಹಚ್ಚಬಾರದು, ನಾಳೆ ಮಾಡಿಸಿರೆಂದು ನನ್ನ ಹೆಂಡತಿ ಶಾಂತಮ್ಮ ತಡೆದಳು. ಕಬ್ಬಿಣ ಪಂಚಾಂಗ ನೋಡುವುದಿಲ್ಲ ಎಂದು ಬೈದೆ. ಆಕೆ ಮುಖ ಊದಿಸಿಕೊಂಡು ಒಳಗೆ ಹೋದಳು.

ಕಾರು ಮನೆಯ ಕಾಂಪೌಂಡಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಗೋಡೆಗೂ ಕಾರಿಗೂ ನಡುವೆ ಸುಮಾರು ಮೂರು ಅಡಿ. ಪರೀಕ್ಷೆಗೆ ಒಬ್ಬರು ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು, ಇನ್ನೊಬ್ಬರು ಬಾನೆಟ್ ಎತ್ತಿ ಎಂಜಿನ್ ಮೇಲೇಳುತ್ತದೆಯೇ ನೋಡಬೇಕು, ಎದ್ದರೆ ಮೌಂಟಿಂಗ್ ಹರಿದಿದೆ ಎಂದರ್ಥ. ಪಕ್ಕದಿಂದ ಎಂಜಿನ್ ಸರಿಯಾಗಿ ಕಾಣದ್ದರಿಂದ ನಿಮಾಯಿಬಾಬು ಗೋಡೆಯ ಕಡೆಯೇ ನಿಲ್ಲಬೇಕಾಯಿತು. ಅದಕ್ಕೆಂದೇ ಬಾಪಿ ಮುಂದಿನ ಎರಡೂ ಚಕ್ರಗಳಿಗೆ ಒಂದೊಂದು ಇಟ್ಟಿಗೆ ಕೊಟ್ಟ. ಕಾಲಿನಿಂದ ಒದ್ದು ಬಿಗಿಯಾಗಿದೆಯೇ ನೋಡಿದ. ನಾನು ಜಗಲಿಯಲ್ಲಿ ನಿಂತು ಇದನ್ನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಅವನು ಚಹಾ ತರಲು ಹೋದ, ನಾನು ಟಾರ್ಚ್ ತರಲು ಒಳಗೆ ಹೋದೆ.

ಆ ಹೊತ್ತಿನಲ್ಲಿ ಶಾಂತಮ್ಮ ಪೂಜೆಯ ತಟ್ಟೆ ಹಿಡಿದು ಬಂದಳು. ನಮ್ಮಲ್ಲಿ ಆಯುಧಪೂಜೆಗೆ ವಾಹನದ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಪೂಜೆಯ ನಂತರ ಅದರ ಮೇಲೆ ಹಾಯಿಸುವ ಪದ್ಧತಿ ಇದೆ. ನಿಂಬೆಹಣ್ಣಿನ ಜಾಗದಲ್ಲಿ ಇಟ್ಟಿಗೆ ಕಂಡು, ಅವನ್ನು ಗೋಡೆಯ ಬದಿಗೆ ಸರಿಸಿ, ಹಣ್ಣು ಇಟ್ಟು, ಹೂವು ತರಲು ಒಳಗೆ ಹೋದಳು. ಇಟ್ಟಿಗೆ ಏತಕ್ಕೆಂದು ಆಕೆಗೆ ಯಾರೂ ಹೇಳಿರಲಿಲ್ಲ. ನಿಮಾಯಿಬಾಬು ಎಂಜಿನ್ನಿನಲ್ಲಿ ತಲೆ ಹಾಕಿದ್ದರು. ಇಷ್ಟನ್ನು ಆಕೆಯ ಬಾಯಿಂದ ನಂತರ ಕೇಳಿದ್ದೇನೆ.

ಸುಮಾರು 10.40ಕ್ಕೆ ಬಾಪಿ ಬಂದು ನೇರ ಸೀಟಿನಲ್ಲಿ ಕೂತ. ನಾನು ಕಾರಿನ ಕಿಟಕಿಯ ಬಳಿ ಇದ್ದೆ. ಗೇರ್ ಹಾಕಿ, ಬ್ರೇಕ್ ಒತ್ತಿ, ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟ. ಎಂಜಿನ್ ಒಂದು ಬದಿ ಎರಡು ಬೆರಳಿನಷ್ಟು ಮೇಲೆದ್ದಿತು. ಸಿಕ್ಕಿತು, ಇನ್ನೊಂದು ಸಲ ಕೊಡು ಎಂದರು ನಿಮಾಯಿಬಾಬು. ಬೆಳಿಗ್ಗೆ ಕಾರು ತೊಳೆದ ನೀರಿನಿಂದ ಬಾಪಿಯ ಚಪ್ಪಲಿ ಒದ್ದೆಯಾಗಿತ್ತು. ಎರಡನೆಯ ಸಲ ಅವನ ಕಾಲು ಬ್ರೇಕಿನಿಂದ ಜಾರಿತು. ಕಾರು ನಿಂಬೆಹಣ್ಣು ಅರೆದುಕೊಂಡು ಹೋಗಿ ಗೋಡೆಗೆ ಬಡಿಯಿತು. ಆ ಮನುಷ್ಯ ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಬಾಪಿ ಕೂಡಲೇ ಹಿಂದಕ್ಕೆ ತೆಗೆದು, ಇಳಿದು ಅವರನ್ನು ತಬ್ಬಿ ಹಿಡಿದ.

ನಾನು ನಿಮಾಯಿಬಾಬು ಜೊತೆ ಆಂಬುಲೆನ್ಸಿನಲ್ಲಿ ಹೋದೆ. ಬಲಗಾಲಿನ ಮೂಳೆ ಎರಡು ಕಡೆ ಮುರಿದಿದೆ. ಶಸ್ತ್ರಚಿಕಿತ್ಸೆಯಾಗಿದೆ, ಮುಂದೆ ನಡೆಯುತ್ತಾರೆಂದು ವೈದ್ಯರು ಹೇಳಿದ್ದಾರೆ. ಒಳಗೆ ಕರೆದೊಯ್ಯುವ ಮೊದಲು ಅವರು ನನ್ನ ಕೈ ಹಿಡಿದು, ಮೌಂಟಿಂಗ್ ಹರಿದಿರುವುದು ನಿಜ, ಬದಲಿಸುವವರೆಗೆ ಕಾರು ಓಡಿಸಬೇಡಿ ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ಸಂಜೆ ಮನೆಗೆ ಬಂದಾಗ ಬಾಪಿಯನ್ನು ಠಾಣೆಗೆ ಒಯ್ದಿದ್ದು ತಿಳಿಯಿತು. ಶಾಂತಮ್ಮ ದೇವರ ಮನೆಯಲ್ಲಿ ದೀಪ ಹಚ್ಚದೆ ಕೂತಿದ್ದಳು. ಇಟ್ಟಿಗೆಯ ವಿಷಯ ಆಗ ಹೇಳಿದಳು. ಬಾಪಿ ತಾನೇ ಒಪ್ಪಿಕೊಂಡಿದ್ದಾನೆ, ಅವನಿಗೆ ಒಳ್ಳೆಯ ವಕೀಲರನ್ನು ಹಿಡಿಯೋಣ, ಬಿ.ಪಿ. ಇರುವ ಅಮ್ಮನನ್ನು ಠಾಣೆಗೆ ಯಾಕೆ ಎಳೆಯಬೇಕು ಎಂದು ವಿನಯ ವಾದಿಸಿದ. ಆಗ ಶಾಂತಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: "ಇಟ್ಟಿಗಿ ಆಂವ ಇಟ್ಟಿದ್ದಾ, ನಾ ತಗದೀನಿ. ಆಂವಗೂ ಹೆಂಡ್ರು ಮಕ್ಕಳದಾರ. ನೀವು ಬರೀತೀರೊ, ಇಲ್ಲಾ ನಾನ ಹೋಗಿ ಹೇಳ್ಲೊ?"

ಇಂದು ಬೆಳಿಗ್ಗೆ ಮೂವರೂ ಬಂದೆವು. ತಾವು ಬಾಪಿಯನ್ನು ನಮ್ಮೆದುರು ಕೇಳಿದಾಗ ಅವನು ನೆಲ ನೋಡುತ್ತಾ, ಮರೆತದ್ದು ತಾನೇ ಎಂದ. ನನ್ನ ಹೆಂಡತಿಯನ್ನು ಚಿಕ್ಕಮ್ಮನಂತೆ ಮಾಶಿಮಾ ಎಂದೇ ಕರೆಯುವ ಅವನು, ಮಾಶಿಮಾ, ನೀವು ಮನೆಗೆ ಹೋಗಿ ಎಂದು ಆಕೆಗೆ ಕೈಮುಗಿದ. ಇಟ್ಟಿಗೆ ತೆಗೆದವರು ಯಾರೆಂದು ಅರೆದ ನಿಂಬೆಹಣ್ಣು ನೋಡಿಯೇ ಅವನಿಗೆ ತಿಳಿದಿರಬೇಕು, ಆಕೆಯ ಹೆಸರು ಬರಬಾರದೆಂದೇ ಸುಳ್ಳು ಹೇಳುತ್ತಿದ್ದಾನೆ. ಕಾಲು ಜಾರಿದ್ದು ಅವನದು, ಅದನ್ನು ಅಲ್ಲಗಳೆಯುವುದಿಲ್ಲ. ಹಟ ಹಿಡಿದು ನಿನ್ನೆಯೇ ಕೆಲಸ ಮಾಡಿಸಿದವನು ನಾನು. ಇಟ್ಟಿಗೆ ಮರೆತನೆಂಬ ಮಾತನ್ನು ಮಾತ್ರ ಅವನ ಹೇಳಿಕೆಯಿಂದ ತೆಗೆಯಬೇಕೆಂದು ಬೇಡುತ್ತೇನೆ.

ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ ಬರೆದಿದ್ದೇನೆ. ಇದರಲ್ಲಿ ಸುಳ್ಳಿದ್ದರೆ ಹೊಣೆ ನನ್ನದು.

ಸ್ಥಳ: ಬೆಹಾಲಾ, ಕೋಲ್ಕತ್ತಾ
ದಿನಾಂಕ: 2-10-2025
(ಸಹಿ) ಓಂಕಾರಪ್ಪ ಬ. ಹೊಸಮನಿ

ನನ್ನ ಯಜಮಾನರು ಓದಿ ಹೇಳಿದರು. ಯಾರೂ ಹೇಳಿರಲಿಲ್ಲ ಅಂತ ಬರೆದಿದ್ದಾರೆ. ಬಾಪಿ ಚಹಾ ತರಲು ಹೋಗುವಾಗ, ಮಾಶಿಮಾ, ಇಟ್ಟಿಗೆ ಮುಟ್ಟಬೇಡಿ ಅಂತ ಕೂಗಿ ಹೇಳಿ ಹೋಗಿದ್ದ. ನಾನು ಸಿಟ್ಟಿನಲ್ಲಿದ್ದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಇದನ್ನೂ ಸೇರಿಸಿಕೊಳ್ಳಿರಿ.
(ಸಹಿ) ಶಾಂತಮ್ಮ ಓಂಕಾರಪ್ಪ ಹೊಸಮನಿ