ಕಾಗೆ ಮುಟ್ಟದ ಪಿಂಡ

2006ರ ನವೆಂಬರ್. ಮಧ್ಯಾಹ್ನಕ್ಕೇ ಕತ್ತಲು ಕವಿದು, ಲಂಡನ್ನಿನ ಅಂಚಿನ ಸ್ಟ್ಯಾನ್ಮೋರ್‌ನಲ್ಲಿ ಬೆಳಗಿನಿಂದ ಬಿಡದೆ ಮಳೆ. ಟ್ಯೂಬ್ ರೈಲು ನಿಂತುಹೋದದ್ದರಿಂದ ಕ್ವೀನ್ಸ್‌ಬರಿಯ ಜೆನಿಟಾ ಗೆಳತಿ ವಿಭಾಳ ಮನೆಯಲ್ಲೇ ಉಳಿದಿದ್ದಳು. ಕಾಲೇಜಿನ ಪ್ರಾಜೆಕ್ಟಿಗೆ ಊರಾಚೆಯ ಪಾಳುಬಿದ್ದ ರೈಲು ಸೇತುವೆಯ ಫೋಟೋ ತೆಗೆಯಲು ನಾಳೆ ಹೋಗೋಣವೆಂದು ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಸೋಫಾದ ಮೂಲೆಯಲ್ಲಿ ಶಾಲು ಹೊದ್ದು ಕೂತ ಅಜ್ಜಿ ಕಲ್ಯಾಣಮ್ಮ ತೂಕಡಿಸುತ್ತಿದ್ದಾರೆಂದು ವಿಭಾ ತಿಳಿದಿದ್ದಳು. ಸೇತುವೆಯ ಮಾತು ಬಂದದ್ದೇ ಅಜ್ಜಿ ಕಣ್ಣು ತೆರೆದು, ಟಿವಿ ಆರಿಸಲು ಹೇಳಿದರು.

"ಆ ಫೋನುಗಳನ್ನ ಕೆಳಗಿಡಿ. ಮಧ್ಯೆ ಬಾಯಿ ಹಾಕಿದ್ರೆ ಅಲ್ಲಿಗೇ ನಿಲ್ಲಿಸ್ಬಿಡ್ತೀನಿ, ಆಮೇಲೆ ಅಜ್ಜಿ ಅಜ್ಜಿ ಅಂತ ಗೋಗರೆದ್ರೂ ಹೇಳೋಳಲ್ಲ ನಾನು.

"ಆ ಸೇತುವೆ ಇದೆಯಲ್ಲ... ಲಂಡನ್ನಿಗೆ ಹಾಲು, ಹುಲ್ಲು ತರೋ ರೈಲಿಗೆ ಅಂತ ಕಟ್ಟಿದ್ದಂತೆ, ನಮ್ಮ ಮುತ್ತಾತನ ಕಾಲದಲ್ಲಿ. ಕಟ್ಟೋವಾಗ ಇಂಥದ್ದೇ ಮಳೇಲಿ ಒಂದು ಕಮಾನು ಕುಸಿದು ಕೂಲಿಯವರು ಅಡೀಲಿ ಸಿಕ್ಕಿಕೊಂಡರು. ಎಲ್ಲೆಲ್ಲಿಂದಲೋ ಹೊಟ್ಟೆಪಾಡಿಗೆ ಬಂದೋರು, ಅವರ ಹೆಸರು ಯಾರಿಗೆ ಗೊತ್ತು? ಕಂಪನಿಯೋರಿಗೆ ರೈಲು ಓಡಿಸೋ ಅವಸರ, ಅಗೆದು ತೆಗೆಯೋದು ಬಿಟ್ಟು ಮಣ್ಣು ಮುಚ್ಚಿ, ಅದರ ಮೇಲೇ ಇನ್ನೊಂದು ಕಂಬ ಎಬ್ಬಿಸಿದರು. ಅವರಿಗಾಗಿ ಒಂದು ಪ್ರಾರ್ಥನೆ ಇಲ್ಲ, ಒಂದು ತುತ್ತು ಇಟ್ಟೋರಿಲ್ಲ. ಕಾಲ ಕಳೀತು, ರೈಲೂ ನಿಂತಿತು, ಕಂಬಿ ಕಿತ್ಕೊಂಡು ಹೋದರು, ಬರೀ ಇಟ್ಟಿಗೆ ಕಮಾನುಗಳು ಹೊಲದ ಮಧ್ಯೆ ಉಳಿದವು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ, ನಿಮ್ಮ ತಾತನ ಆಸ್ಪತ್ರೆ ವಾರ್ಡಿನಲ್ಲಿದ್ದ ಒಬ್ಬ ಮುದುಕ ಹೇಳಿದಾಗ. ಮೊದಲೇ ಗೊತ್ತಿದ್ದಿದ್ದರೆ..."

ಅಜ್ಜಿ ಶಾಲು ಬಿಗಿಯಾಗಿ ಎಳೆದುಕೊಂಡರು. ವಿಭಾಗೆ ತಾತ ಸತ್ಯನಾರಾಯಣ ನೆನಪಾದರು. ಆಸ್ಪತ್ರೆಯಿಂದ ಬಂದರೂ ಮನೆಯೊಳಗೆ ಕಾಲಿಡದೆ ಕಾರಿನಲ್ಲೇ ಬಹಳ ಹೊತ್ತು ಕೂತಿರುತ್ತಿದ್ದ ಡಾಕ್ಟರು. ಅವರು ತೀರಿಕೊಂಡು ಮೂರು ವರ್ಷವಾಗಿತ್ತು.

"ತೊಂಬತ್ತೈದರಲ್ಲಿ ನಮ್ಮ ಮಾವನವರು ಮೈಸೂರಲ್ಲಿ ಹೋಗ್ಬಿಟ್ಟರು. ನಿಮ್ಮ ತಾತ ಹಿರೀಮಗ, ಆದರೆ ಡ್ಯೂಟಿ ಬಿಟ್ಟು ಹೊರಡೋಕಾಗಲಿಲ್ಲ, ಕೊಳ್ಳಿ ಇಟ್ಟಿದ್ದು ತಮ್ಮ ವಾಸು. ಹತ್ತನೇ ದಿನ ವಾಸು ಫೋನು ಮಾಡಿದ. ಕಾಗೆ ಪಿಂಡ ಮುಟ್ಟಲೇ ಇಲ್ಲ, ಅಪ್ಪ ನಿನ್ನ ಕೈಯನ್ನಕ್ಕೇ ಕಾಯ್ತಿದ್ದಾರೆ ಅಣ್ಣ ಅಂದ. ಅಷ್ಟೇ... ಇವರು ಮಗು ಥರ ಅತ್ತುಬಿಟ್ಟರು. ಜೆನಿಟಾ, ನಿಮ್ಮಲ್ಲಿ ಇದಿಲ್ಲ, ಕೇಳು. ಸತ್ತೋರಿಗೆ ಇಟ್ಟ ಅನ್ನದುಂಡೆನ ಕಾಗೆ ಮುಟ್ಟಿದ್ರೆ ಅವರಿಗೆ ತೃಪ್ತಿಯಾಯ್ತು ಅಂತ. ಮುಟ್ಟದಿದ್ರೆ ಏನೋ ಆಸೆ ಉಳಿದಿದೆ ಅಂತ, ಅದನ್ನ ತೀರಿಸ್ತೀವಿ ಅಂತ ಮನೆಯೋರು ಮಾತು ಕೊಡಬೇಕು.

"ಮಾರನೇ ದಿನ ಹಿತ್ತಿಲಲ್ಲಿ ಪಿಂಡ ಇಟ್ಟೆವು. ಅಳಿಲು ಬಂತು, ಪಾರಿವಾಳ ಬಂತು, ಕಾಗೆ ಎಲ್ಲಿ? ಆ ಸೇತುವೆ ತುಂಬ ಕಾಗೆ ಇರ್ತವೆ ಅಂತ ಯಾರೋ ಹೇಳಿದ್ರು, ಕಾರು ತೆಗೆದ್ವಿ. ಇವರು ಕಮಾನಿನ ಕೆಳಗೆ ಎಲೆ ಹಾಕಿ, ಅನ್ನ ಇಟ್ಟು, ಕೈಮುಗಿದು ನಿಂತರು. ಮೇಲೆ ಸಾಲಾಗಿ ಕಾಗೆ... ಒಂದೂ ಕೂಗಲ್ಲ, ಒಂದೂ ಇಳಿಯಲ್ಲ. ವಾಸೂನ ನೋಡ್ಕೋತೀನಿ ಅಂದರು, ಅಮ್ಮನ್ನ ಇಲ್ಲಿಗೆ ಕರ್ಕೋತೀನಿ ಅಂದರು, ಮನೆ ಮಾರಲ್ಲ ಅಂದರು... ಊಹೂಂ. ಮಳೆ ಹನಿಯೋಕೆ ಶುರುವಾಯ್ತು. ಕೊನೆಗೆ ಆ ಮನುಷ್ಯ ಮಣ್ಣಲ್ಲಿ ಮಂಡಿಯೂರಿ, 'ಹಸ್ಕೊಂಡು ಹೋಗ್ಬೇಡಿ, ನನ್ನ ಮನೇಗೆ ಬಂದ್ಬಿಡಿ, ದಿನಾ ಅನ್ನ ಇಡ್ತೀನಿ' ಅಂದುಬಿಟ್ಟರು. ಕರೆದರಲ್ಲ, ಯಾರನ್ನ ಅಂತ ಹೆಸರು ಹೇಳಲಿಲ್ಲ.

"ಕಾಗೆಗಳೆಲ್ಲ ಒಟ್ಟಿಗೇ ಎದ್ದು ಹಾರಿಹೋದವು. ತಿರುಗಿ ನೋಡ್ತೀವಿ, ಎಲೆ ಮೇಲೆ ಒಂದಗುಳೂ ಇಲ್ಲ. ಸುತ್ತ ಹಸೀ ಮಣ್ಣಲ್ಲಿ ಕೈ ಊರಿದ ಗುರುತು... ಒಬ್ಬರದಲ್ಲ. ಇವರು ಅದನ್ನ ನೋಡಲೇ ಇಲ್ಲ, ಅಪ್ಪ ತಗೊಂಡರು ಕಲ್ಯಾಣಿ ಅಂತ ಸಂತೋಷಪಟ್ಟರು. ವಾಪಸ್ ಬರೋವಾಗ ಕಾರು ಏರು ಹತ್ತೋಕೆ ಒದ್ದಾಡಿತು, ಅಷ್ಟು ಭಾರ. ಆವತ್ತಿನಿಂದ ಈ ಮನೇಲಿ ಮಾಡಿದ ಅನ್ನ ಮಿಕ್ಕಿದ್ದನ್ನ ನಾನು ಕಂಡಿಲ್ಲ."

ಜೆನಿಟಾ ಕಾಲು ಮೇಲೆತ್ತಿ ಸೋಫಾದಲ್ಲಿ ಮುದುಡಿ ಕೂತಳು. ಹಾಗಾದರೆ ತಾತನ ಅಪ್ಪ ಏನಾದರು ಎಂದು ವಿಭಾ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು.

"ಅವರೂ ಬಂದರು ಪುಟ್ಟಿ, ಮಗ ಕರೆದ ಮೇಲೆ ಬರದೇ ಇರ್ತಾರಾ? ಅವರ ತಿಥಿ ಬಂದಾಗಲೆಲ್ಲ ಬರ್ತಾರೆ. ಒಳಗೆ ಬರೋಕೆ ಜಾಗ ಎಲ್ಲಿದೆ? ಒಳ್ಳೇ ಮನುಷ್ಯ ನಿಮ್ಮ ತಾತ, ಆ ಮುದುಕನಿಂದ ನಿಜ ತಿಳಿದ ಮೇಲೆ ಅಪ್ಪನಿಗೆ ಒಂದು ತುತ್ತು ಇಡೋಕಾಗಲಿಲ್ಲ ಅಂತ ಕೊರಗೀ ಕೊರಗೀ ಸತ್ತರು. ಅವರ ಹತ್ತನೇ ದಿನ ನಿಮ್ಮಪ್ಪ ಅಚಿಂತ್ಯ ಹಿತ್ತಿಲಲ್ಲಿ ಪಿಂಡ ಇಟ್ಟ. ಇಟ್ಟು ಕೈ ತೆಗೆಯೋದರೊಳಗೆ ಎಲೆ ಖಾಲಿ. ಕಾಗೆ ಬಂದೇ ಇರಲಿಲ್ಲ..."

ವಿಭಾ ಕಿಟಕಿಯ ಕಡೆ ತಿರುಗಿದಳು. ಅಜ್ಜಿ ಅವಳ ಗಲ್ಲ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಂಡರು.

"ನೋಡಬೇಡ ಪುಟ್ಟಿ. ಇವತ್ತೇ ಮಾವನವರ ತಿಥಿ. ಗೇಟಿನ ಹತ್ರ ಈಗ ಅಪ್ಪ ಮಗ ಇಬ್ಬರೂ ನೆನೀತಾ ನಿಂತಿದ್ದಾರೆ."