ಆರ್ವಿಲ್ ಆರಿಸಿದ ಹತ್ತು

ಪಾಸ್ಟರ್ ಅವರೇ, ವೆಲ್ಡಾ, ಟ್ವಿಲಾ, ಎಣ್ಣೆಬಾವಿಯ ಕೆಲಸ ಬಿಟ್ಟು ಬಂದಿರುವ ಗೆಳೆಯರೇ, ನಮ್ಮ ಬೇಕರ್ಸ್‌ಫೀಲ್ಡಿನ ಹಾಡುಗಾರರೇ — ಎಲ್ಲರಿಗೂ ವಂದನೆ. ನಾನು ಕ್ಲೀಟಸ್. ನಮ್ಮನ್ನಗಲಿದ ಆರ್ವಿಲ್ ಟ್ಯಾಕೆಟ್ ಜೊತೆ ಒಂದೇ ಮೇಜಿನಲ್ಲಿ ಗಿಟಾರ್ ರಿಪೇರಿ ಮಾಡುತ್ತಾ ಮುದುಕನಾದವನು. ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ, ಕ್ಷಮಿಸಿ. ಚರ್ಚಿನ ಹಿಂದಿನ ಅಡುಗೆಕೋಣೆಯಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಕಾಯುತ್ತಿದೆ. ಇಲ್ಲಿ ಟ್ವಿಲಾಳ ಗಿಟಾರ್ ಸ್ಕ್ರೂ ಬಿಚ್ಚಿಸಿಕೊಂಡು ಮಲಗಿದೆ — ನೋಡಿ, ಇದೇ. ನನ್ನ ಮಾತು ಮುಗಿದ ಮೇಲೆ ಅವಳು ಅಪ್ಪನಿಗಾಗಿ ನುಡಿಸಬೇಕು. ಅಷ್ಟರೊಳಗೆ ಒಂದು ವಿಷಯ ತೀರ್ಮಾನ ಆಗಬೇಕು.

ಬೆಳಿಗ್ಗೆ ಟ್ವಿಲಾ ಬಂದಳು. "ಕ್ಲೀಟಸ್ ಅಂಕಲ್, ಅಪ್ಪ ಹಾಕಿರೋ ಕೆಪಾಸಿಟರ್ ತೆಗೆದ್ಬಿಡಿ. ಟೋನ್ ಪೂರ್ತಿ ಇಳಿಸಿದ್ರೂ ಮೂಗಲ್ಲೇ ಮಾತಾಡುತ್ತೆ. ಅಪ್ಪನಿಗೆ ಅಂತ ನುಡಿಸೋ ಹಾಡನ್ನ ಇದ್ರಲ್ಲಿ ಹೇಗೆ ನುಡಿಸ್ಲಿ?" ವೆಲ್ಡಾ ಅವಳ ಹಿಂದಿನಿಂದಲೇ ನನಗೆ, "ಅದನ್ನ ಮುಟ್ಟು, ಆಮೇಲೆ ನಿನ್ನ ಕಥೆ ಇದೆ" ಅಂದಳು. ತಾಯಿ ಮಗಳ ನಡುವೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡು ನಿಮ್ಮೆದುರು ನಿಂತಿದ್ದೇನೆ.

ಗಿಟಾರ್ ಹಿಡಿಯದವರಿಗೆ ಒಂದು ಮಾತು. ಗಿಟಾರಿನ ಮೈಮೇಲಿರುವ ಪಿಕಪ್ ಅನ್ನುವುದು ತಂತಿಯ ದನಿ ಎತ್ತಿಕೊಳ್ಳುತ್ತದೆ. ಟೋನ್ ಗುಂಡಿ ತಿರುಗಿಸಿ ಇಳಿಸಿದಾಗ ಆ ದನಿಯ ಚೂಪು ಎಷ್ಟು ಕಳೆಯಬೇಕು ಅನ್ನುವುದು ಕಡಲೆಬೀಜದಷ್ಟು ಪುಟ್ಟ ಕೆಪಾಸಿಟರ್ ಕೈಯಲ್ಲಿ. ನಮ್ಮ ಮೇಜಿನ ಮೇಲೆ ಅವಕ್ಕೆ ನಲವತ್ತೇಳು, ಇಪ್ಪತ್ತೆರಡು, ಹತ್ತು ಅಂತ ಹೆಸರು. ಸಂಖ್ಯೆ ದೊಡ್ಡದಾದಷ್ಟೂ ದನಿ ಕಂಬಳಿ ಹೊದೆಯುತ್ತದೆ. ಆರ್ವಿಲ್ ಸಂಖ್ಯೆ ನೋಡುತ್ತಲೇ ಇರಲಿಲ್ಲ. ಒಂದೊಂದನ್ನೇ ಕ್ಲಿಪ್ಪಿಗೆ ಕಚ್ಚಿಸಿ, ಕಣ್ಣು ಮುಚ್ಚಿ, ಹೀಗೆ — ಗಲ್ಲ ಎತ್ತಿ — ಕೇಳುತ್ತಿದ್ದ. ನಾನು ಬಾಯಿ ತಪ್ಪಿ ಸಂಖ್ಯೆ ಹೇಳಿದೆನೋ, ಬೈಗುಳ. "ಬೀನ್ಸಿಗೆ ಉಪ್ಪು ಸಾಕಾ ಅಂತ ಚಮಚನ ಕೇಳ್ತೀಯೇನೋ, ದಡ್ಡ?"

ಆಮೇಲೆ ಅವನ ಕಿವಿ ಹೋಯಿತು. ಪೂರ್ತಿ ಅಲ್ಲ — ಚೂಪು ದನಿ ಮಾತ್ರ. ನಲವತ್ತೇಳು ಹಚ್ಚಿದರೆ ಅವನಿಗೆ ಬರೀ ಗುಂಯ್, ಸ್ವರ ಒಂದೂ ಬಿಡಿಸಿ ಕೇಳದು. ಹಾಗಾಗಿ ಬಂದವರ ಗಿಟಾರಿಗೆಲ್ಲ ಹತ್ತು, ಹತ್ತು, ಹತ್ತು! ಗೇಲನ್, ತಲೆ ತಗ್ಗಿಸಬೇಡ. ನೀನೇ ತಾನೇ ಬಾರಿನಲ್ಲಿ ಅಂದದ್ದು — "ಆರ್ವಿಲ್ ಮುಟ್ಟಿದ ಗಿಟಾರಿಗೆ ನೆಗಡಿ ಗ್ಯಾರಂಟಿ" ಅಂತ? ಎಲ್ಲರೂ ನಕ್ಕಿರಿ. ಅವನೆದುರು ಮಾತ್ರ, ಆಹಾ, ಓಹೋ! ನನಗೆ ಹಾಗೆ ಬರುವುದಿಲ್ಲ. "ನಿನ್ನ ಕಿವಿ ಕೈಕೊಟ್ಟಿದೆ ಕಣೋ" ಅಂತ ಮುಖಕ್ಕೇ ಹೇಳಿದೆ. ಸ್ಕ್ರೂಡ್ರೈವರ್ ಬಿಸಾಡಿ ಹೋದವನು ಅವತ್ತು ಮತ್ತೆ ಅಂಗಡಿಗೆ ಬರಲಿಲ್ಲ. ಮಾರನೆಯ ದಿನ ಕೆಪಾಸಿಟರ್ ಡಬ್ಬಿಯನ್ನು ನನ್ನ ಕಡೆ ತಳ್ಳಿ, "ಇನ್ಮೇಲೆ ನೀನೇ ಆರ್ಸು" ಅಂದ. ಆಮೇಲೆ ಯಾರ ಗಿಟಾರಿಗೂ ಅವನು ಕೆಪಾಸಿಟರ್ ಆರಿಸಲಿಲ್ಲ.

ಇದೊಂದನ್ನು ಬಿಟ್ಟು.

ಟ್ವಿಲಾ, ಇದು ನಿನಗೆ ಗೊತ್ತಿಲ್ಲ. ಹೇಳಬೇಡ ಅಂದಿದ್ದ — ಈಗ ಬೈಯಲು ಅವನಿಲ್ಲ. ಕಿತ್ತಳೆ ಹೂ ಬಿಟ್ಟ ಸಮಯ. ನೀನು ಅಂಗಡಿಯ ಮುಂದೆ ಕೂತು, ನಿನ್ನ ಅಭ್ಯಾಸದಂತೆ ಟೋನ್ ಪೂರ್ತಿ ಇಳಿಸಿ ನುಡಿಸುತ್ತಿದ್ದೆ. ಅವನು ಒಳಗೆ ಬಾಗಿಲಿಗೆ ಒರಗಿದ್ದ. "ಕ್ಲೀಟಸ್, ಅವಳ ಬೆರಳು ಓಡೋದು ಕಾಣ್ತಿದೆ. ಬರೀ ಗುಂಯ್ ಅನ್ನುತ್ತೆ, ಸ್ವರನೇ ಕೇಳ್ತಿಲ್ಲ" ಅಂದ. ನೀನು ಗಿಟಾರ್ ಬಿಟ್ಟು ಹೋದ ಮೇಲೆ ಡಬ್ಬಿ ಎಳೆದುಕೊಂಡ. ನಲವತ್ತೇಳು ಹಚ್ಚಿ ನಾನು ನಿನ್ನ ಹಾಡನ್ನೇ ಮೀಟಿದೆ — ತಲೆ ಅಲ್ಲಾಡಿಸಿದ. ಇಪ್ಪತ್ತೆರಡು — ಊಹೂಂ. ಹತ್ತು ಹಚ್ಚಿದೆ. ಕಣ್ಣು ತೆರೆದ.

"ಇದು" ಅಂದ.

"ಊರಿಗೆಲ್ಲ ಚುಚ್ಚುತ್ತೆ ಮಾರಾಯ" ಅಂದೆ.

"ಊರಿಗೆ ನೀನಿದ್ದೀಯಲ್ಲ. ಇದೊಂದು ನಂಗಿರ್ಲಿ. ನನ್ನ ಮಗಳು ನುಡಿಸೋದು ನಂಗೆ ಕೇಳ್ಬೇಕು ಕಣೋ."

ಕಿವಿ ಕೆಟ್ಟವನ ತಪ್ಪಲ್ಲ, ಮಗಳೇ. ಗೊತ್ತಿದ್ದೇ ಹಾಕಿದ್ದು. ಆದರೆ ಕೇಳುವವನು ಹೋದ. ಇನ್ನು ಗಿಟಾರ್ ನಿನ್ನದು, ದನಿಯೂ ನಿನ್ನದು. ವೆಲ್ಡಾ ಬೈದರೆ ನಾನು ಬೈಸಿಕೊಳ್ಳುತ್ತೇನೆ. ತೆಗೆಯಲೇ? —

ಏನು? ಜೋರಾಗಿ ಹೇಳಮ್ಮ, ಹಿಂದಿನವರಿಗೂ ಕೇಳಲಿ —

"ಬೇಡ."

ಸರಿ. ಗೇಲನ್, ಹೋಗಿ ಆ ಐರನ್ನಿನ ಪ್ಲಗ್ ಕಿತ್ತು ಬಾ.

ಅವಳು ನುಡಿಸುವಾಗ ಕಿವಿಗೆ ಚುಚ್ಚುತ್ತದೆ, ತಡೆದುಕೊಳ್ಳಿ. ಅದಕ್ಕೆ ಮೊದಲು ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಟೋಪಿ ತೆಗೆಯಿರಿ. ಗಳಿಗೆ ಹೊತ್ತು ಆರ್ವಿಲ್‌ಗಾಗಿ ಮಾತು ನಿಲ್ಲಿಸೋಣ. ಆಂಪ್ಲಿಫೈಯರ್ ಗುಂಯ್ ಅನ್ನುತ್ತಿದೆ ಅಂತ ಯಾರೂ ಬಂದ್ ಮಾಡಲು ಹೋಗಬೇಡಿ. ಅದು ದಪ್ಪ ದನಿ — ಅವನಿಗೆ ಕೊನೆಯವರೆಗೂ ಚೆನ್ನಾಗಿ ಕೇಳಿಸುತ್ತಿತ್ತು.