ಬಲಗಡೆಯ ಕೋಳಿಯೇ ಸಾಯುವ ಟಿವಿ ಆಟ

…ಅಲ್ಲ, ಅಪ್‌ಡೇಟ್ ಆಗ್ತಾ ಉಂಟು, ಡೌನ್‌ಲೋಡ್ ಆಗ್ತಾ ಉಂಟು ಅಂತ ಮೂರು ಹೊತ್ತೂ ಬೊಬ್ಬೆ ಹೊಡೀತೀರಲ್ಲ ಮಕ್ಕಳೇ, ನಾನು ಮೊದಲು ಕೆಲಸ ಮಾಡಿದ ಆಟದ ಪೆಟ್ಟಿಗೆಯಲ್ಲಿ ಸಾಫ್ಟ್‌ವೇರೇ ಇರಲಿಲ್ಲ, ಗೊತ್ತುಂಟಾ? ಸಾಫ್ಟ್‌ವೇರ್ ಅಂದ್ರೆ, ಸರಿಯಾಗಿ ಹೇಳ್ತೇನೆ ಕೇಳಿ, ಮೆಷಿನ್ನಿಗೆ ಬರೆದು ಕೊಡುವ ಅಪ್ಪಣೆ. ಅದನ್ನು ಓದ್ಲಿಕ್ಕೆ ಒಳಗೊಂದು ಮಿದುಳು ಬೇಕು. ಇದಕ್ಕೆ ಮಿದುಳೇ ಇಲ್ಲ, ಬರೀ ವಯರು. ನಮ್ಮ ಭಾವನ ಹಾಗೆ. ಭಾವ ಅಂದ್ರೆ ನನ್ನ ಅಕ್ಕನ ಗಂಡ. ಎಪ್ಪತ್ತರ ದಶಕದ ಕೊನೆಗೆ ಗಲ್ಫಿನಿಂದ ಒಂದು ಕಪ್ಪು-ಬಿಳುಪು ಟಿವಿ, ಒಂದು ಸೆಕೆಂಡ್ ಹ್ಯಾಂಡ್ ಆಟದ ಪೆಟ್ಟಿಗೆ ತಂದ್ರು. ಆಗ ಮಂಗಳೂರಿಗೆ ಟಿವಿ ಕಾರ್ಯಕ್ರಮವೇ ಬರ್ತಿರಲಿಲ್ಲ, ಆದ್ರೂ ತಂದ್ರು! ಕಂಕನಾಡಿಯಲ್ಲಿ ಒಂದು ಕೋಣೆ ಹಿಡಿದು, ದುಡ್ಡಿಗೆ ಆಟ ಆಡಿಸುವ ಅಂಗಡಿ ಇಟ್ಟು, "ಸದಾಶಿವಾ, ನೀನಿನ್ನು ಬೊಂಬಾಯಿಗೆ ಹೋಗಿ ಹೋಟೆಲಲ್ಲಿ ಪ್ಲೇಟು ತೊಳೀಬೇಕಂತಿಲ್ಲ, ಇಲ್ಲೇ ನಿಂತ್ಕೋ" ಅಂದ್ರು. ಅಮ್ಮ ಖುಷಿಯಲ್ಲಿ ಅತ್ತೇ ಬಿಟ್ರು, ಯಾಕಂದ್ರೆ ನನ್ನ ಅಣ್ಣ ಹಾಗೇ ಹೋದವ ತಿರುಗಿ ಬಂದಿರಲಿಲ್ಲ. ಅಂಗಡಿ ನಡೆದ್ರೆ ನಾನು ಮನೆಯಲ್ಲಿ, ಮುಚ್ಚಿದ್ರೆ ಬೊಂಬಾಯಿ ಬಸ್ಸು.

ಆ ಪೆಟ್ಟಿಗೆ ಹೇಗಂದ್ರೆ, ಎಡಕ್ಕೊಂದು ಬಲಕ್ಕೊಂದು ತಿರುಪು, ತಿರುಗಿಸಿದ್ರೆ ಪರದೆಯಲ್ಲಿ ಎರಡು ಬಿಳಿ ಚೌಕ ಓಡ್ತದೆ. ಮುಗೀತು. ಶಬ್ದ ಇಲ್ಲ, ಗೆದ್ದದ್ದು ಯಾರಂತ ಅದಕ್ಕೆ ಗೊತ್ತಿಲ್ಲ. ಒಂದು ಕಾರ್ಡು ತುರುಕಬೇಕು. "ಆಟ ಪೂರ್ತಿ ಈ ಕಾರ್ಡಿನೊಳಗೆ ಉಂಟು" ಅಂತ ಭಾವ ಎದೆ ಉಬ್ಬಿಸಿ ಹೇಳ್ತಿದ್ರು. ಎಂತ ಮಣ್ಣೂ ಇರಲಿಲ್ಲ! ತಾಮ್ರದ ನಾಲ್ಕು ಗೆರೆ ಅಷ್ಟೆ, ಈ ವಯರಿಂದ ಆ ವಯರಿಗೆ ಸಂಕ ಹಾಕಿದ ಹಾಗೆ, ಸೇತುವೆ. ಕೂಳೂರು ಸಂಕದೊಳಗೆ ಊರು ಇರ್ತದಾ? ಆಟ ಇದ್ದದ್ದು ಪ್ಲಾಸ್ಟಿಕ್ ಹಾಳೆಯಲ್ಲಿ. ಮನೆ, ಬಿಲ ಎಲ್ಲ ಚಿತ್ರ ಇರುವ ಆ ಹಾಳೆಯನ್ನು ಟಿವಿ ಗಾಜಿಗೆ ಅಂಟಿಸಿದ್ರೆ ಎಡದ ಚೌಕ ಬೆಕ್ಕು, ಬಲದ್ದು ಇಲಿ. ಬೆಕ್ಕು ಮುಟ್ಟಿದ ಕೂಡಲೇ ಇಲಿ ಮಾಯ. ಆದ್ರೆ ಹಾಳೆ ಎಲ್ಲಿ? ಅಕ್ಕ, ಒಳ್ಳೆ ದಪ್ಪ ಪ್ಲಾಸ್ಟಿಕ್ ಅಂತ ಅಂಗಳದಲ್ಲಿ ಹಾಸಿ ಸಂಡಿಗೆ ಹಾಕಿದ್ದಳು! ಅಂಟಿದ ಹಿಟ್ಟು ಕೆರೆದಾಗ ಚಿತ್ರವೂ ಹೋಯ್ತು. ಭಾವ ಜಗ್ಗಲಿಲ್ಲ. "ಹಾಳೆ ಎಂತಕ್ಕೆ? ಇದು ಕೋಳಿ ಅಂಕ, ಕೋಳಿ ಕಾಳಗ ಅಂತ ಹೇಳು. ಮಾಯ ಆದದ್ದು ಸತ್ತ ಕೋಳಿ."

ಜನ ಬಂದ್ರು ಮಾರಾಯ್ರೆ, ಬಾಗಿಲವರೆಗೆ! ಮುಂದೆ ಕೂಳೂರಿನ ತಿಮ್ಮಪ್ಪಣ್ಣ. ಕೋಳಿ ಅಂಕದಲ್ಲೇ ಕೂದಲು ಬೆಳ್ಳಗಾದ ಜನ. ಅವರು ಬಲಕ್ಕೆ, ಭಾವ ಎಡಕ್ಕೆ. ತಿಮ್ಮಪ್ಪಣ್ಣ ನುಗ್ಗಿ ಕುಟ್ಟಿದ್ರೂ ಅವರದ್ದೇ ಮಾಯ. ಮತ್ತೆ ಕುಟ್ಟಿದ್ರು, ಮತ್ತೆ ಅವರದ್ದೇ.

"ಅಲ್ಲ ಮಾರಾಯ, ಹೋಗಿ ಕುಟ್ಟಿದ್ದು ನಾನು, ಸಾಯುವುದೂ ನಾನಾ?"

"ನಿಮ್ಮ ಕೋಳಿಗೆ ಧೈರ್ಯ ಇಲ್ಲ ತಿಮ್ಮಪ್ಪಣ್ಣ."

"ಚೌಕಕ್ಕೆ ಎಂತ ಧೈರ್ಯ? ಏಳು, ನೀನು ಇಲ್ಲಿ ಕೂತ್ಕೋ."

ಜಾಗ ಬದಲಾಯ್ತು. ಮುಟ್ಟಿದ್ದೇ ತಡ, ಭಾವನ ಕೋಳಿ ಮಾಯ. ಆಗದೆ ಎಂತ? ವಯರು ಜೋಡಿಸಿದ್ದೇ ಬಲಗಡೆಯದ್ದು ಸಾಯಲಿ ಅಂತ. ಅದು ಇಲಿಯಲ್ಲವಾ! ಕಾರ್ಡಿಗೆ ಎಂತ ಗೊತ್ತು, ನೀವು ಇಲಿಯನ್ನು ಕೋಳಿ ಮಾಡಿದ್ದೀರಂತ? ತಿಮ್ಮಪ್ಪಣ್ಣ ಎದ್ದು ಪಂಚೆ ಕೊಡವಿದ್ರು. "ಕಾಲಿಗೆ ಕತ್ತಿ ಕಟ್ಟುವ ಮೊದಲೇ ಸಾಯುವುದು ಯಾವುದಂತ ಗೊತ್ತಿದ್ರೆ ಅಂಕಕ್ಕೆ ಯಾರು ಬರ್ತಾರೆ ಮಾರಾಯ?" ಅಂದು ಹೋದ್ರು. ಅವರ ಹಿಂದೆ ಕೋಣೆಯೇ ಖಾಲಿ. ಮರುದಿನ ಒಂದು ನೊಣವೂ ಬರಲಿಲ್ಲ. ಭಾವ ಮಾತ್ರ, "ಹೊಸ ಕಾರ್ಡು ತರಿಸುವಾ" ಅಂತಿದ್ರು!

ನಾನು ಬೊಂಬಾಯಿ ಬಸ್ಸು ಹತ್ತಿದೆ. ಅಮ್ಮ ಬಸ್ಸು ತಿರುವು ದಾಟುವವರೆಗೆ ರಸ್ತೆಯಲ್ಲೇ ನಿಂತಿದ್ರು. ಅಕ್ಕ ದಾರಿಗೆ ಅಂತ ಕರಿದು ಕಟ್ಟಿಕೊಟ್ಟದ್ದು ಎಂತ? ಅದೇ ಹಾಳೆಯಲ್ಲಿ ಒಣಗಿದ ಸಂಡಿಗೆ. ಗರಿಗರಿ ಇತ್ತು. ಭಾವ ತಂದದ್ದರಲ್ಲಿ ಕೆಲಸಕ್ಕೆ ಬಂದದ್ದು ಆ ಹಾಳೆಯೊಂದೇ. ಹಾಗಾಗಿ ಹೇಳ್ತೇನೆ, ಎಲ್ಲ ಇದರೊಳಗೇ ಉಂಟು ಅಂತ ಯಾರಾದ್ರೂ ಪೆಟ್ಟಿಗೆ ತೋರಿಸಿದ್ರೆ, ಮೊದಲು ಅವರ ಅಂಗಳಕ್ಕೆ ಹೋಗಿ ಎಂತ ಒಣಗ್ಲಿಕ್ಕೆ ಹಾಕಿದ್ದಾರೆ ನೋಡಿ. ಸಾಕು, ಏಳಿ.